ಹೊಸ ಕಾರ್ಡಿನಲ್ಲಿ ಮೆಮೊರಿ ಏಕೆ ಕಡಿಮೆ? ಆರ್‌ಟಿಎಕ್ಸ್ 4060ರ ಒಳರಚನೆ



ಸಂಘಕ್ಕೆ ಬರುವ ವಿಚಾರಣೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯದು ಸೇರಿಕೊಂಡಿದೆ. ಕನ್ನಡ ಮಾಧ್ಯಮದ ಪಠ್ಯಪುಸ್ತಕ, ಭಾಷಾ ಅಲ್ಪಸಂಖ್ಯಾತರ ಪ್ರಮಾಣಪತ್ರ, ರಾಜ್ಯೋತ್ಸವದ ತಾರೀಖು ಕೇಳುತ್ತಿದ್ದವರೇ ಈಗ ಮಕ್ಕಳ ಕಂಪ್ಯೂಟರಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಕೊಡಿಸಬೇಕು ಎಂದೂ ಕೇಳುತ್ತಿದ್ದಾರೆ. ಅದರಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಬರುತ್ತದೆ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಕಾರ್ಡು 2021ರ ಫೆಬ್ರವರಿಯಲ್ಲಿ ಬಂದಾಗ ಅದರಲ್ಲಿ 12 ಜಿಬಿ ಮೆಮೊರಿ ಇತ್ತು. 2023ರ ಜೂನ್ 29ಕ್ಕೆ ಮಾರಾಟಕ್ಕೆ ಬಂದ ಆರ್‌ಟಿಎಕ್ಸ್ 4060ರಲ್ಲಿ ಇರುವುದು 8 ಜಿಬಿ. ಹೊಸದರಲ್ಲಿ ಹೆಚ್ಚಿರಬೇಕಲ್ಲವೇ? ಅಂಗಡಿಯವರು ಹೊಸದೇ ವೇಗ ಎನ್ನುತ್ತಾರೆ, ಮನೆಯ ಹುಡುಗ 8 ಜಿಬಿ ಸಾಲದು ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದು ಹೇಗೆಂದು ತಿಳಿಯಬೇಕಾದರೆ ಕಾರ್ಡಿನ ಒಳಗೆ ಒಮ್ಮೆ ಇಣುಕಿ ನೋಡಬೇಕು.

ಮೊದಲು ಕೆಲಸದ ಪ್ರಮಾಣ ಎಷ್ಟೆಂದು ನೋಡೋಣ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಆಟ ಸರಾಗವಾಗಿ ಓಡಬೇಕೆಂದರೆ ಇಷ್ಟೂ ಚುಕ್ಕೆಗಳ ಬಣ್ಣವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಲೆಕ್ಕ ಹಾಕಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಒಂದು ಸೆಕೆಂಡಿನ 60ನೇ ಒಂದು ಪಾಲು ಮಾತ್ರ. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಎಷ್ಟೇ ಜಾಣನಾದರೂ ಅದರಲ್ಲಿ ಕೈಗಳು ಕೆಲವೇ. ಇಲ್ಲಿ ಬೇಕಾಗಿರುವುದು ಜಾಣತನಕ್ಕಿಂತ ಹೆಚ್ಚಾಗಿ ಕೈಗಳ ಸಂಖ್ಯೆ. ಒಬ್ಬ ಪಂಡಿತನಿಗಿಂತ ಕೂಡುವುದು ಗುಣಿಸುವುದು ಗೊತ್ತಿರುವ ಸಾವಿರಾರು ಗುಮಾಸ್ತರು ಬೇಕು.

4060ರ ಚಿಪ್ಪಿನಲ್ಲಿ ಅಂಥ ಗುಮಾಸ್ತರು 3072. ಇವರನ್ನು 24 ಶಾಖೆಗಳಾಗಿ ಹಂಚಲಾಗಿದೆ, ಶಾಖೆಗೆ 128 ಜನ. ಪ್ರತಿ ಶಾಖೆಯಲ್ಲೂ ಬೆಳಕಿನ ಕಿರಣ ಯಾವ ವಸ್ತುವಿಗೆ ತಾಗಿತು ಎಂಬುದನ್ನಷ್ಟೇ ನೋಡಲು ಒಂದು ಪ್ರತ್ಯೇಕ ಘಟಕವಿದೆ, ಕೃತಕ ಬುದ್ಧಿಮತ್ತೆಗೆ ಬೇಕಾದ ದೊಡ್ಡ ದೊಡ್ಡ ಗುಣಾಕಾರಗಳಿಗೆಂದು ನಾಲ್ಕು ಘಟಕಗಳಿವೆ. ಈ ವಿನ್ಯಾಸದ ಪೀಳಿಗೆಗೆ ಕಂಪನಿ ಇಟ್ಟಿರುವ ಹೆಸರು ಏಡಾ ಲವ್‌ಲೇಸ್. 1843ರಲ್ಲಿ ಚಾರ್ಲ್ಸ್ ಬ್ಯಾಬೇಜರ ಲೆಕ್ಕದ ಯಂತ್ರದ ಬಗ್ಗೆ ವಿಸ್ತಾರವಾದ ಟಿಪ್ಪಣಿ ಬರೆದ ಇಂಗ್ಲೆಂಡಿನ ಮಹಿಳೆ ಆಕೆ. ಆ ಯಂತ್ರ ಪೂರ್ತಿಯಾಗಿ ಕಟ್ಟಲ್ಪಡಲೇ ಇಲ್ಲ, ಟಿಪ್ಪಣಿ ಮಾತ್ರ ಉಳಿಯಿತು. ಕಡತ ಬರೆಯುವವರಿಗೆ ಇದಕ್ಕಿಂತ ಸಮಾಧಾನದ ಸಂಗತಿ ಬೇರೆ ಬೇಕೆ!

ಇರಲಿ. 3060ರಲ್ಲಿ ಗುಮಾಸ್ತರು 3584, ಅಂದರೆ 512 ಮಂದಿ ಹೆಚ್ಚು. ಆದರೂ 4060 ವೇಗವಾಗಿರುವುದು ಕೈಚಳಕದಿಂದ. ಹಳೆಯದರ ಗಡಿಯಾರ 1.78 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಹೊಸದು 2.46ರವರೆಗೆ. ಸಂಖ್ಯೆಯನ್ನೂ ವೇಗವನ್ನೂ ಗುಣಿಸಿ ನೋಡಿದರೆ ಹೊಸದರ ಸಾಮರ್ಥ್ಯ ಶೇಕಡಾ 18ರಷ್ಟು ಹೆಚ್ಚು ಬರುತ್ತದೆ. ಕಂಪನಿ ಸರಾಸರಿ ಶೇಕಡಾ 20 ಎಂದು ಹೇಳಿಕೊಂಡಿತ್ತು. ನಮ್ಮ ಕೈಲೆಕ್ಕಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಈ ಕೈಚಳಕ ಬಂದದ್ದು ಕಾರ್ಖಾನೆಯಿಂದ. 3060ರ ಚಿಪ್ಪು ತಯಾರಾದದ್ದು ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ವಿಧಾನದಲ್ಲಿ, 4060ರದ್ದು ತೈವಾನಿನ ಟಿಎಸ್‌ಎಂಸಿಯ ಇನ್ನೂ ಸೂಕ್ಷ್ಮವಾದ ವಿಧಾನದಲ್ಲಿ. ಹಾಗಾಗಿ 276 ಚದರ ಮಿಲಿಮೀಟರ್ ಇದ್ದ ಚಿಪ್ಪು 159ಕ್ಕೆ ಇಳಿದಿದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ 1,890 ಕೋಟಿ ಟ್ರಾನ್ಸಿಸ್ಟರುಗಳು!

ಈಗ ಮುಖ್ಯ ವಿಷಯಕ್ಕೆ ಬರೋಣ. ಗುಮಾಸ್ತರು ಎಷ್ಟೇ ಚುರುಕಾಗಿದ್ದರೂ ಕಡತ ಕೈಗೆ ಬರದಿದ್ದರೆ ಸುಮ್ಮನೆ ಕೂರಬೇಕಾಗುತ್ತದೆ. ಕಚೇರಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಕಡತಗಳು ಮೂರು ಕಡೆ ಇರುತ್ತವೆ. ಚಿಪ್ಪಿನ ಒಳಗೇ ಇರುವ ಕ್ಯಾಶ್, ಅದು ಕೈಗೆಟುಕುವ ಮೇಜಿನಂತೆ. ಚಿಪ್ಪಿನ ಸುತ್ತ ಅದೇ ಕಾರ್ಡಿನ ಮೇಲೆ ಕೂತಿರುವ ಮೆಮೊರಿ ಅದೇ ಕಟ್ಟಡದ ರೆಕಾರ್ಡ್ ರೂಮು. ಇವೆರಡರಲ್ಲೂ ಸಿಗದಿದ್ದರೆ ಮದರ್‌ಬೋರ್ಡಿನ ಸ್ಲಾಟ್ ದಾಟಿ ಕಂಪ್ಯೂಟರಿನ ಮುಖ್ಯ ಮೆಮೊರಿಗೆ ಹೋಗಬೇಕು. ಅದು ಬೇರೆ ಊರಿನ ಕಚೇರಿಯಿಂದ ಟಪಾಲಿನಲ್ಲಿ ಕಡತ ತರಿಸಿದ ಹಾಗೆ.

ರೆಕಾರ್ಡ್ ರೂಮಿಗೂ ಗುಮಾಸ್ತರಿಗೂ ನಡುವಿನ ಹಾದಿಯ ಅಗಲವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ. 3060ರಲ್ಲಿ ಅದು 192 ಬಿಟ್, 4060ರಲ್ಲಿ 128. ಒಂದೊಂದು ಮೆಮೊರಿ ಚಿಪ್ಪಿಗೆ 32 ಬಿಟ್ ಹಾದಿ ಬೇಕು. ಆದ್ದರಿಂದ ಹಳೆಯದರಲ್ಲಿ ಆರು ಚಿಪ್ಪು ಹಿಡಿಸುತ್ತವೆ, ಹೊಸದರಲ್ಲಿ ನಾಲ್ಕೇ. ಚಿಪ್ಪಿಗೆ 2 ಜಿಬಿಯಂತೆ ಒಂದು ಕಡೆ 12, ಇನ್ನೊಂದು ಕಡೆ 8. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಇಷ್ಟೇ. ಕಂಪನಿಯವರು ಮರೆತು 4 ಜಿಬಿ ಬಿಟ್ಟದ್ದಲ್ಲ. ಹಾದಿಯನ್ನು ಕಿರಿದು ಮಾಡಲು ನಿಶ್ಚಯಿಸಿದಾಗಲೇ ಮೆಮೊರಿಯ ಪ್ರಮಾಣವೂ ನಿಶ್ಚಯವಾಗಿಹೋಯಿತು. ಇದರಿಂದ ಸೆಕೆಂಡಿಗೆ 360 ಜಿಬಿ ಇದ್ದ ಸಾಗಣೆ 272 ಜಿಬಿಗೆ ಇಳಿಯಿತು.

ಹಾದಿ ಕಿರಿದಾದರೂ ಕಾರ್ಡು ಕುಂಟದಿರಲು ಅವರು ಮಾಡಿದ್ದು ಮೇಜನ್ನು ದೊಡ್ಡದು ಮಾಡುವುದು. 3060ರಲ್ಲಿ 3 ಎಂಬಿ ಇದ್ದ ಎರಡನೇ ಹಂತದ ಕ್ಯಾಶನ್ನು 4060ರಲ್ಲಿ 24 ಎಂಬಿಗೆ ಏರಿಸಿದ್ದಾರೆ, ಎಂಟು ಪಟ್ಟು. ಪದೇ ಪದೇ ಬೇಕಾಗುವ ಕಡತ ಮೇಜಿನ ಮೇಲೇ ಇದ್ದರೆ ರೆಕಾರ್ಡ್ ರೂಮಿಗೆ ಓಡಾಟ ಕಡಿಮೆ. ಇದು ಎನ್‌ವಿಡಿಯಾದ ಸ್ವಂತ ಕಲ್ಪನೆಯೇನಲ್ಲ. ಪ್ರತಿಸ್ಪರ್ಧಿ ಎಎಂಡಿ 2020ರಲ್ಲೇ ತನ್ನ ಕಾರ್ಡುಗಳಲ್ಲಿ ಇನ್ಫಿನಿಟಿ ಕ್ಯಾಶ್ ಎಂಬ ಹೆಸರಿನಲ್ಲಿ ಇದನ್ನು ಮಾಡಿತ್ತು. ಮರುವರ್ಷ ಬಂದ ಅದರ ಆರ್‌ಎಕ್ಸ್ 6600 ಕಾರ್ಡಿನಲ್ಲೂ ಇದೇ 128 ಬಿಟ್ ಹಾದಿ, 32 ಎಂಬಿ ಕ್ಯಾಶ್, 8 ಜಿಬಿ ಮೆಮೊರಿ.

ಈ ಉಪಾಯ ಎಲ್ಲಿಯವರೆಗೆ ನಡೆಯುತ್ತದೆ? ಒಂದು ಸಣ್ಣ ಲೆಕ್ಕ ಹಾಕಬಹುದು. ಒಂದು ಚುಕ್ಕೆಯ ಬಣ್ಣಕ್ಕೆ 4 ಬೈಟ್ ಎಂದಿಟ್ಟುಕೊಂಡರೆ 1080 ಗೆರೆಗಳ ಒಂದು ಚಿತ್ರಕ್ಕೆ ಸುಮಾರು 8.3 ಎಂಬಿ ಬೇಕು. 1440 ಗೆರೆಗಳ ಮಾನಿಟರಿಗೆ 14.7 ಎಂಬಿ. 4ಕೆ ಎನ್ನುವ ದೊಡ್ಡ ಪರದೆಗೆ 33 ಎಂಬಿ, ಅಂದರೆ 24 ಎಂಬಿಯ ಮೇಜಿಗೆ ಒಂದೇ ಹಾಳೆಯೂ ಹಿಡಿಸುವುದಿಲ್ಲ. ನಿಜವಾದ ಆಟದಲ್ಲಿ ಇಂಥ ಹಾಳೆಗಳು ಒಂದಲ್ಲ, ಹಲವು ಇರುತ್ತವೆ. ಹಾಗಾಗಿ ಈ ಕಾರ್ಡನ್ನು 1080 ಗೆರೆಗಳ ಪರದೆಗೆಂದೇ ಕಟ್ಟಲಾಗಿದೆ ಎಂಬುದು ವಿನ್ಯಾಸದಿಂದಲೇ ಕಾಣುತ್ತದೆ. ಕ್ಯಾಶನ್ನು ಸೇರಿಸಿ ಲೆಕ್ಕ ಹಾಕಿದರೆ ಪರಿಣಾಮದಲ್ಲಿ ಸೆಕೆಂಡಿಗೆ 453 ಜಿಬಿ ಸಾಗಣೆ ಇದ್ದಂತೆ ಎಂದು ಕಂಪನಿ ಪ್ರಚಾರ ಮಾಡಿತು. ಇಂಥ ಅಂಕಿಯನ್ನು ನಾವು ಅನುಮಾನದಿಂದಲೇ ನೋಡುತ್ತೇವೆ. ಪರದೆ ದೊಡ್ಡದಾದಂತೆ ಮೇಜಿನಲ್ಲಿ ಕಡತ ಸಿಗುವುದು ಕಡಿಮೆಯಾಗುತ್ತದೆ, ಅಂಕಿಯೂ ಅದರ ಜೊತೆಗೇ ಕರಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೇಜು ದೊಡ್ಡದಾದರೆ ಓಡಾಟ ತಗ್ಗುತ್ತದೆಯೇ ಹೊರತು ರೆಕಾರ್ಡ್ ರೂಮಿನ ಅಳತೆ ಬೆಳೆಯುವುದಿಲ್ಲ. 24 ಎಂಬಿ ಕ್ಯಾಶ್ 4 ಜಿಬಿ ಮೆಮೊರಿಗೆ ಬದಲಿ ಅಲ್ಲ. 2023ರ ಆರಂಭದಲ್ಲಿ ಬಂದ ಹಾಗ್ವಾರ್ಟ್ಸ್ ಲೆಗಸಿ, ದಿ ಲಾಸ್ಟ್ ಆಫ್ ಅಸ್ ಮುಂತಾದ ಆಟಗಳು ಚಿತ್ರದ ಗುಣಮಟ್ಟವನ್ನು ಏರಿಸಿದಾಗ 8 ಜಿಬಿಗಿಂತ ಹೆಚ್ಚು ಕೇಳುತ್ತಿದ್ದವು. ಆಗ ಸರಾಸರಿ ವೇಗ ಚೆನ್ನಾಗಿ ಕಂಡರೂ ಆಟ ನಡುನಡುವೆ ತಡವರಿಸುತ್ತದೆ, ಇಲ್ಲವೇ ಗೋಡೆ, ಬಟ್ಟೆ, ಮುಖಗಳು ಮಸುಕಾಗಿ ಕಾಣುತ್ತವೆ. ಹುಡುಗರ ದೂರು ಇದೇ, ಅದರಲ್ಲಿ ಹುರುಳಿದೆ.

ಇಲ್ಲಿಂದ ಮುಂದಿನದು ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ವಿಷಯ. ನಮ್ಮಲ್ಲಿ ಎಷ್ಟೋ ಜನ ಇಡೀ ಕಂಪ್ಯೂಟರ್ ಹೊಸದಾಗಿ ಕೊಳ್ಳುವುದಿಲ್ಲ. ಇದ್ದ ಹಳೆಯದಕ್ಕೆ ಕಾರ್ಡೊಂದನ್ನು ಸಿಕ್ಕಿಸುತ್ತೇವೆ. 4060 ಸ್ಲಾಟಿನ 16 ದಾರಿಗಳಲ್ಲಿ 8ನ್ನು ಮಾತ್ರ ಬಳಸುತ್ತದೆ. ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಆ ಎಂಟರಲ್ಲೇ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತದೆ. ಮೂರನೇ ಪೀಳಿಗೆಯ ಸ್ಲಾಟಿನಲ್ಲಿ ಅದರ ಅರ್ಧ, 8 ಜಿಬಿ. ಮೆಮೊರಿ ತುಂಬದಿರುವವರೆಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ತುಂಬಿದ ಕೂಡಲೇ ಕಡತಗಳು ಟಪಾಲಿಗೆ ಬೀಳುತ್ತವೆ, ಟಪಾಲಿನ ಗಾಡಿಯೂ ಅರ್ಧ ವೇಗದ್ದು. ಎರಡು ಕೊರತೆಗಳು ಒಂದರ ಮೇಲೊಂದು ಕೂರುವುದು ಹಳೆಯ ಕಂಪ್ಯೂಟರಿನಲ್ಲಿಯೇ. 3060ಕ್ಕೆ 16 ದಾರಿಗಳಿವೆ, ಮೆಮೊರಿಯೂ ಹೆಚ್ಚು. ಹಾಗಾಗಿ ಹಳೆಯ ಮದರ್‌ಬೋರ್ಡಿನಲ್ಲಿ ಅದು ಹೆಚ್ಚು ನೆಮ್ಮದಿಯಾಗಿರುತ್ತದೆ.

ನಿಮ್ಮದು ಯಾವ ಪೀಳಿಗೆಯದು ಎಂದು ತಿಳಿಯುವುದು ಕಷ್ಟವಲ್ಲ. ಇಂಟೆಲ್ ಹತ್ತನೇ ಪೀಳಿಗೆ ಮತ್ತು ಅದಕ್ಕೆ ಹಿಂದಿನ ಕೆಲವು ಪೀಳಿಗೆಗಳ ಪ್ರೊಸೆಸರುಗಳಲ್ಲಿ ಮೂರನೆಯದೇ. ಎಎಂಡಿಯ ಬಿ450 ಬೋರ್ಡುಗಳಲ್ಲೂ ಅದೇ. ರೈಜನ್ 5 5600ಜಿ ಹಾಕಿಸಿಕೊಂಡವರು ಎಚ್ಚರ ವಹಿಸಬೇಕು. ಬೋರ್ಡು ಹೊಸದಿದ್ದರೂ ಆ ಪ್ರೊಸೆಸರಿನಿಂದ ಸಿಗುವುದು ಮೂರನೇ ಪೀಳಿಗೆಯ ದಾರಿ ಮಾತ್ರ.

4060ರ ಪರವಾಗಿ ಹೇಳಬೇಕಾದ್ದು ವಿದ್ಯುತ್ತು. 3060ಕ್ಕೆ 170 ವ್ಯಾಟ್ ಬೇಕಾದರೆ ಇದಕ್ಕೆ 115 ಸಾಕು. ದಿನಕ್ಕೆ 4 ಗಂಟೆ ಆಡಿದರೆ ಉಳಿತಾಯ ವರ್ಷಕ್ಕೆ ಸುಮಾರು 80 ಯೂನಿಟ್. ಕಾಸರಗೋಡಿನವರು, ಹೊಸೂರಿನವರು, ಸೊಲ್ಲಾಪುರದವರು, ಆದೋನಿಯವರು ಕಟ್ಟುವ ಬಿಲ್ಲು ಬೇರೆ ಬೇರೆ, ತಮ್ಮ ತಮ್ಮ ದರದಲ್ಲಿ ಗುಣಿಸಿಕೊಳ್ಳಬಹುದು. ಶಾಖವೂ ಕಡಿಮೆ, ಫ್ಯಾನಿನ ಸದ್ದೂ ಕಡಿಮೆ. ಇಷ್ಟು ಸಣ್ಣ ಚಿಪ್ಪಿಗೆ ಕೆಲವು ತಯಾರಕರು ಮೂರು ಫ್ಯಾನು, ಬಣ್ಣದ ದೀಪ ಕಟ್ಟಿ ಹೆಚ್ಚು ಬೆಲೆಗೆ ಮಾರುತ್ತಾರೆ. ಮದುವೆ ಚಪ್ಪರದ ಅಲಂಕಾರ ಅದು. ಎರಡು ಫ್ಯಾನಿನ ಸಾದಾ ಕಾರ್ಡೇ ಧಾರಾಳ.

ಹೊಸ ಚಿತ್ರಗಳನ್ನು ನಡುನಡುವೆ ತಾನೇ ಊಹಿಸಿ ಸೇರಿಸುವ ಫ್ರೇಮ್ ಜನರೇಶನ್ ಎಂಬ ಸೌಲಭ್ಯ 4060ಕ್ಕಿದೆ, 3060ಕ್ಕಿಲ್ಲ. ಪ್ರಚಾರದ ಪಟ್ಟಿಗಳಲ್ಲಿ ಕಾಣುವ ದೊಡ್ಡ ದೊಡ್ಡ ಅಂಕಿಗಳು ಇದನ್ನು ಸೇರಿಸಿದವು. ನೋಟ ಸರಾಗವಾಗುತ್ತದೆ ನಿಜ, ಆದರೆ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ವಿಳಂಬ ಅದರಿಂದ ತಗ್ಗುವುದಿಲ್ಲ. ಅದಕ್ಕೂ ಆ 8 ಜಿಬಿಯಲ್ಲೇ ಜಾಗ ಬೇಕು ಎಂಬುದು ಇನ್ನೊಂದು.

ಗುಮಾಸ್ತಗಿರಿಯ ಕಣ್ಣಿಗೆ ಬಿದ್ದ ಒಂದು ಸಂಗತಿ. ಪ್ರತಿ ಚಿಪ್ಪಿಗೂ ಒಳಗಿನ ಕಡತ ಸಂಖ್ಯೆ ಇರುತ್ತದೆ. 2016ರ ಜಿಟಿಎಕ್ಸ್ 1060ರದ್ದು ಜಿಪಿ106, ನಂತರದ 2060ರದ್ದು ಟಿಯು106, 3060ರದ್ದು ಜಿಎ106. ಕೊನೆಯ ಅಂಕಿ 7 ಇದ್ದ ಚಿಪ್ಪುಗಳು ಜಿಟಿಎಕ್ಸ್ 1050, 1650ರಂಥ ಕೆಳ ದರ್ಜೆಯ ಕಾರ್ಡುಗಳಿಗೆ ಹೋಗುತ್ತಿದ್ದವು. 4060ರ ಚಿಪ್ಪಿನ ಸಂಖ್ಯೆ ಎಡಿ107. ಕೆಳಗಿನ ಹುದ್ದೆಯವನನ್ನು ತಂದು ಮೇಲಿನ ಹುದ್ದೆಯ ಫಲಕದ ಕೆಳಗೆ ಕೂರಿಸಿದ್ದಾರೆ. ಕೆಲಸ ಹಿಂದಿನವನಿಗಿಂತ ಸ್ವಲ್ಪ ಚೆನ್ನಾಗಿಯೇ ಮಾಡುತ್ತಾನೆ, ಅದನ್ನು ಅಲ್ಲಗಳೆಯುವುದಿಲ್ಲ. ಅಮೆರಿಕದ ಬೆಲೆ 329 ಡಾಲರಿನಿಂದ 299ಕ್ಕೆ ಇಳಿದದ್ದೂ ನಿಜ. ಆದರೆ ಎರಡೂಕಾಲು ವರ್ಷದ ನಂತರದ ಮುನ್ನಡೆ ಇಷ್ಟೇ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಸಂಖ್ಯೆಯಲ್ಲಿದೆ. 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060ರಲ್ಲಿ ಹೊಸ ಬಗೆಯ ಮೆಮೊರಿ ಹಾಕಿ ಸಾಗಣೆಯನ್ನು 448 ಜಿಬಿಗೆ ಏರಿಸಿದ್ದಾರೆ. ಹಾದಿ ಅದೇ 128 ಬಿಟ್, ಮೆಮೊರಿ ಅದೇ 8 ಜಿಬಿ, ಸ್ಲಾಟಿನಲ್ಲಿ ಅದೇ 8 ದಾರಿ.

ನಮ್ಮ ಅಭಿಪ್ರಾಯ ಕೇಳಿದರೆ, ಈಚಿನ ಮದರ್‌ಬೋರ್ಡು, 1080 ಗೆರೆಗಳ ಮಾನಿಟರು ಇದ್ದು ಆಟವೊಂದೇ ಉದ್ದೇಶವಾದರೆ 4060 ಸರಿ. ಕಾರ್ಯಕ್ರಮಗಳನ್ನು ನೇರಪ್ರಸಾರ ಮಾಡುವ ಸಂಘದ ಶಾಖೆಗಳಿಗೂ ಅದೇ ಒಳ್ಳೆಯದು. ಕಡಿಮೆ ಇಂಟರ್ನೆಟ್‌ನಲ್ಲಿ ಸ್ಪಷ್ಟ ವಿಡಿಯೋ ಕಳಿಸುವ ಎವಿ1 ಎನ್‌ಕೋಡರ್ ಅದರಲ್ಲಿದೆ, 3060ರಲ್ಲಿಲ್ಲ. ಹಳೆಯ ಕಂಪ್ಯೂಟರಿಗೆ ಸೇರಿಸುವುದಾದರೆ, ಅಥವಾ ಮಕ್ಕಳು ಆಟದ ಜೊತೆ ಬ್ಲೆಂಡರ್, ಕೃತಕ ಬುದ್ಧಿಮತ್ತೆ ಎಂದು ಕಲಿಯುತ್ತಿದ್ದರೆ, 12 ಜಿಬಿಯ 3060 ಸಿಕ್ಕರೆ ಅದನ್ನೇ ನೋಡಿ. 3060 ಹೆಸರಿನಲ್ಲೇ 8 ಜಿಬಿ, 128 ಬಿಟ್‌ನ ಇನ್ನೊಂದು ಕಾರ್ಡನ್ನು 2022ರ ಕೊನೆಯಲ್ಲಿ ಬಿಟ್ಟಿದ್ದಾರೆ, ಡಬ್ಬದ ಮುಖ ಹೆಚ್ಚುಕಡಿಮೆ ಒಂದೇ ಥರ. 12 ಜಿಬಿ, 192 ಬಿಟ್ ಎಂದು ಬಿಲ್ಲಿನಲ್ಲೂ ಬರೆಸಿಕೊಳ್ಳಿ.