ಸೌರಶಕ್ತಿ ಚಾಲಿತ ವನ್ಯಪ್ರಾಣಿ ನಿರೋಧಕ

ಸೌರಶಕ್ತಿ ಚಾಲಿತ ವನ್ಯಪ್ರಾಣಿ ನಿರೋಧಕ ಎಂಬುದು ಊರಿನಿಂದ ದೂರವಿರುವ, ವಿದ್ಯುತ್ ಸಂಪರ್ಕವಿಲ್ಲದ ಹೊಲಗಳಿಗೆ ನುಗ್ಗುವ ಕಾಡುಪ್ರಾಣಿಗಳನ್ನು ಕೊಲ್ಲದೆ, ಗಾಯಗೊಳಿಸದೆ ಹಿಮ್ಮೆಟ್ಟಿಸಲು ಬಳಸುವ ಸಾಧನವಾಗಿದೆ. ಹಗಲಿನಲ್ಲಿ ಸೌರಫಲಕವು ಉತ್ಪಾದಿಸುವ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಸಂಗ್ರಹಿಸಿ, ರಾತ್ರಿಯಲ್ಲಿ ಅದನ್ನು ಬೆಳಕು, ಶಬ್ದ ಅಥವಾ ತಂತಿಬೇಲಿಯ ಕ್ಷಣಿಕ ವಿದ್ಯುತ್ ಸ್ಪಂದನವಾಗಿ ಬಳಸುವುದು ಇದರ ಮೂಲತತ್ತ್ವ. ಬೇಲಿಗೆ ನೇರವಾಗಿ ವಿದ್ಯುತ್ ಮಾರ್ಗದ ಸಂಪರ್ಕ ನೀಡುವ ಪ್ರಾಣಾಂತಿಕ ಹಾಗೂ ಕಾನೂನುಬಾಹಿರ ಪದ್ಧತಿಗೂ ಈ ಸಾಧನಕ್ಕೂ ಮೂಲಭೂತ ವ್ಯತ್ಯಾಸವಿದೆ.

ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಚಚಡಿ ಹಾಗೂ ಸುತ್ತಲಿನ ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳು ಜೋಳ, ಗೋವಿನಜೋಳ, ಕಡಲೆ, ಶೇಂಗಾ, ಹತ್ತಿ ಮತ್ತು ಕಬ್ಬು ಬೆಳೆಯುವ ಪ್ರದೇಶಗಳು. ಮಲಪ್ರಭಾ ನದಿಯ ದಂಡೆಯ ಎರೆಭೂಮಿ, ಸವದತ್ತಿ ಮತ್ತು ರಾಮದುರ್ಗ ಭಾಗದ ಮರಳುಗಲ್ಲಿನ ಗುಡ್ಡಗಳು, ಅವುಗಳ ಮೇಲಿನ ಕುರುಚಲು ಕಾಡು ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಇಂತಹ ಭೂಭಾಗದಲ್ಲಿ ಹಗಲು ಪೊದೆಯಲ್ಲೋ ಎತ್ತರದ ಕಬ್ಬಿನ ಗದ್ದೆಯಲ್ಲೋ ಅಡಗುವ ಕಾಡುಹಂದಿಗಳು ರಾತ್ರಿ ಹೊಲಕ್ಕಿಳಿಯುತ್ತವೆ. ಅವು ತಿನ್ನುವುದಕ್ಕಿಂತ ತುಳಿದು, ಅಗೆದು ಹಾಳುಮಾಡುವುದೇ ಹೆಚ್ಚು. ಉತ್ತರ ಕರ್ನಾಟಕದ ಬಯಲುಗಳಲ್ಲಿ ಚಿಗರಿ ಎಂದು ಕರೆಯಲ್ಪಡುವ ಕೃಷ್ಣಮೃಗವೂ ನವಿಲೂ ಬೆಳೆಗೆ ಬರುತ್ತವೆ. ಇದೇ ಜಿಲ್ಲೆಯ ಪಶ್ಚಿಮಕ್ಕಿರುವ ಖಾನಾಪುರ ತಾಲ್ಲೂಕಿನ ಕಾಡಂಚಿನಲ್ಲಿ ಆನೆ ಮತ್ತು ಕಾಟಿಗಳ ಸಮಸ್ಯೆಯೂ ಸೇರುತ್ತದೆ.

ಗೋವಿನಜೋಳದ ತೆನೆ ಹಾಲುಗಟ್ಟುವ ಹಾಗೂ ಶೇಂಗಾ ಕಾಯಿಗಟ್ಟುವ ಅವಧಿಯಲ್ಲಿ ಹಾನಿ ಅಧಿಕ. ಕೆಲವು ವಾರಗಳ ಈ ಅವಧಿಯಲ್ಲಿ ರೈತರು ಹೊಲದಲ್ಲಿ ಮಂಚಿಕೆ ಕಟ್ಟಿ, ಕವಣೆ ಬೀಸಿ, ಡಬ್ಬಿ ಬಡಿದು, ಬೆಂಕಿ ಹಾಕಿ ರಾತ್ರಿಯಿಡೀ ಕಾವಲಿರುವುದು ಹಳೆಯ ರೂಢಿ. ಹಗಲಿನ ದುಡಿಮೆಯ ಮೇಲೆ ಬೀಳುವ ಈ ನಿದ್ರೆಗೇಡು, ಕತ್ತಲೆಯಲ್ಲಿ ಹಾವು ಹಾಗೂ ಹಂದಿಯಿಂದ ಎದುರಾಗುವ ಅಪಾಯ ಬೆಳೆಹಾನಿಯ ಲೆಕ್ಕದಲ್ಲಿ ಸೇರುವುದಿಲ್ಲ. ಪಂಪ್‌ಸೆಟ್ ಮಾರ್ಗಗಳಲ್ಲಿ ದಿನದ ನಿಗದಿತ ಅವಧಿಯಲ್ಲಿ ಮಾತ್ರ ವಿದ್ಯುತ್ ದೊರೆಯುವುದರಿಂದ ರಾತ್ರಿಯ ಕಾವಲಿಗೆ ಸೌರಶಕ್ತಿಯು ಉಪಯುಕ್ತವಾಗಿದೆ.

ವಿಧಗಳು

ಈ ಸಾಧನಗಳನ್ನು ಮುಖ್ಯವಾಗಿ ಎರಡು ವಿಧಗಳಾಗಿ ವಿಂಗಡಿಸಬಹುದು.

1. ಬೆಳಕು ಮತ್ತು ಶಬ್ದದ ನಿರೋಧಕ: ಪ್ರಾಣಿಯ ಚಲನೆಯನ್ನು ಗುರುತಿಸಿ ಅಥವಾ ನಿಗದಿತ ಅಂತರದಲ್ಲಿ ಮಿಂಚುವ ದೀಪ ಹಾಗೂ ಸೈರನ್ನುಗಳಿಂದ ಬೆದರಿಸುತ್ತದೆ. ವೆಚ್ಚ ಕಡಿಮೆ; ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು.

2. ಸೌರ ಬೇಲಿ: ತಂತಿಯನ್ನು ಮುಟ್ಟಿದ ಪ್ರಾಣಿಗೆ ನೋವುಂಟುಮಾಡುವ, ಆದರೆ ಜೀವಕ್ಕೆ ಅಪಾಯವಾಗದ ವಿದ್ಯುತ್ ಸ್ಪಂದನವನ್ನು ನೀಡುತ್ತದೆ. ವೆಚ್ಚ ಹೆಚ್ಚು, ಪರಿಣಾಮ ಹೆಚ್ಚು ಕಾಲ ಉಳಿಯುತ್ತದೆ.

ಬೆಳಕು ಮತ್ತು ಶಬ್ದದ ನಿರೋಧಕದ ರಚನೆ

ಸರಳ ನಿರೋಧಕವೊಂದರಲ್ಲಿ ಕೆಳಗಿನ ಭಾಗಗಳಿರುತ್ತವೆ.

ಸೌರಫಲಕ ಮತ್ತು ಚಾರ್ಜ್ ನಿಯಂತ್ರಕ: ನಿಯಂತ್ರಕವು ಬ್ಯಾಟರಿಯು ಮಿತಿಮೀರಿ ತುಂಬದಂತೆ ಹಾಗೂ ಪೂರ್ತಿ ಬರಿದಾಗದಂತೆ ಕಾಯುತ್ತದೆ.

ಬ್ಯಾಟರಿ: 12 ವೋಲ್ಟಿನ ಸೀಸ–ಆಮ್ಲ ಅಥವಾ ಲಿಥಿಯಂ ಬ್ಯಾಟರಿ.

ಸಂವೇದಕಗಳು: ಕತ್ತಲೆಯನ್ನು ಅರಿಯುವ ಬೆಳಕಿನ ಸಂವೇದಕ ಮತ್ತು ಪ್ರಾಣಿಯ ಮೈಶಾಖವು ಚಲಿಸುವುದನ್ನು ಅರಿಯುವ ಅವಕೆಂಪು ಸಂವೇದಕ. ಅಗ್ಗದ ಅವಕೆಂಪು ಸಂವೇದಕಗಳ ವ್ಯಾಪ್ತಿ ಸುಮಾರು 5ರಿಂದ 7 ಮೀಟರ್ ಮಾತ್ರ.

ಮೈಕ್ರೋಕಂಟ್ರೋಲರ್: ಆರ್ಡುಯಿನೋದಂತಹ ಸಣ್ಣ ಗಣಕ ಫಲಕ. ಇದರ ಕಾಲುಗಳು ಕೆಲವೇ ಹತ್ತು ಮಿಲಿಆಂಪಿಯರ್ ವಿದ್ಯುತ್ ನೀಡಬಲ್ಲವಾದ್ದರಿಂದ ದೀಪ ಮತ್ತು ಸೈರನ್ನನ್ನು ನೇರವಾಗಿ ಜೋಡಿಸದೆ ರಿಲೇ ಅಥವಾ ಮಾಸ್‌ಫೆಟ್ ಮೂಲಕ ಜೋಡಿಸಲಾಗುತ್ತದೆ.

ಎಲ್‌ಇಡಿ ದೀಪಗಳು, ಸೈರನ್, ಫ್ಯೂಸ್ ಮತ್ತು ನೀರು ಹೋಗದ ಪೆಟ್ಟಿಗೆ: ಫ್ಯೂಸನ್ನು ಬ್ಯಾಟರಿಯ ಧನಧ್ರುವದ ಸಮೀಪದಲ್ಲೇ ಅಳವಡಿಸಬೇಕು.

ಕತ್ತಲಾದೊಡನೆ ಸಾಧನವು ಎಚ್ಚರಗೊಂಡು, ಸಂವೇದಕವು ಚಲನೆಯನ್ನು ಗುರುತಿಸಿದಾಗ ಅರ್ಧ ನಿಮಿಷ ದೀಪ ಮಿಂಚಿಸಿ, ಸೈರನ್ ಕೂಗಿಸಿ ಮತ್ತೆ ಕಾಯುವ ಸ್ಥಿತಿಗೆ ಮರಳುತ್ತದೆ. ಪ್ರತಿ ಬಾರಿಯೂ ದೀಪದ ಲಯ, ಶಬ್ದದ ಬಗೆ ಹಾಗೂ ಅವಧಿ ಬದಲಾಗುವಂತೆ ಅದರ ಕ್ರಮವಿಧಿಯನ್ನು ಬರೆಯಲಾಗುತ್ತದೆ.

ವಿದ್ಯುತ್ತಿನ ಲೆಕ್ಕ

ಸಾಧನದ ಗಾತ್ರವನ್ನು ಬೇಸಿಗೆಯ ಬಿಸಿಲಿಗಲ್ಲದೆ ಮುಂಗಾರಿನ ಮೋಡಕ್ಕೆ ಹೊಂದಿಸಬೇಕಾಗುತ್ತದೆ; ಗೋವಿನಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ ಆಕಾಶವು ಹಲವು ದಿನ ಮುಚ್ಚಿಕೊಂಡೇ ಇರಬಹುದು. ಒಂದು ಉದಾಹರಣೆ:

ನಿಯಂತ್ರಣ ಮಂಡಲ: 0.5 ವ್ಯಾಟ್ × 12 ಗಂಟೆ = 6 ವ್ಯಾಟ್–ಗಂಟೆ
ದೀಪ: 10 ವ್ಯಾಟ್ × 20 ನಿಮಿಷ = ಸುಮಾರು 3.3 ವ್ಯಾಟ್–ಗಂಟೆ
ಸೈರನ್: 20 ವ್ಯಾಟ್ × 10 ನಿಮಿಷ = ಸುಮಾರು 3.3 ವ್ಯಾಟ್–ಗಂಟೆ

ಒಂದು ರಾತ್ರಿಯ ಒಟ್ಟು ಬಳಕೆ ಸುಮಾರು 13 ವ್ಯಾಟ್–ಗಂಟೆ. ಬಿಸಿಲಿಲ್ಲದ ಮೂರು ದಿನಗಳಿಗೆ 39. ಮನೆಯ ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್–ಗಂಟೆಯ ಸೀಸ–ಆಮ್ಲ ಬ್ಯಾಟರಿಯಲ್ಲಿ 84 ವ್ಯಾಟ್–ಗಂಟೆ ಶಕ್ತಿಯಿದ್ದರೂ ಬಾಳಿಕೆಯ ದೃಷ್ಟಿಯಿಂದ ಅದರ ಅರ್ಧವನ್ನು, ಅಂದರೆ 42 ವ್ಯಾಟ್–ಗಂಟೆಯನ್ನು ಮಾತ್ರ ಬಳಸುವುದು ಸೂಕ್ತ. ಹೀಗೆ ಅದು ಮೂರು ರಾತ್ರಿಗೆ ಸಾಲುತ್ತದೆ.

ಮೋಡದ ದಿನವೊಂದರಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಎರಡೂವರೆ ಗಂಟೆ ದೊರೆತು, ಶೇಕಡ 30ರಷ್ಟು ನಷ್ಟವಾಗುತ್ತದೆ ಎಂದು ಭಾವಿಸಿದರೆ 10 ವ್ಯಾಟ್ ಫಲಕವು ಸುಮಾರು 17 ವ್ಯಾಟ್–ಗಂಟೆ ನೀಡುತ್ತದೆ. ಇದು ಆ ರಾತ್ರಿಗೆ ಸಾಕಾದರೂ ಬರಿದಾದ ಬ್ಯಾಟರಿ ಮತ್ತೆ ತುಂಬಲು ಒಂದು ವಾರಕ್ಕೂ ಹೆಚ್ಚು ಸಮಯ ಬೇಕು. 20 ವ್ಯಾಟ್ ಫಲಕವು 35 ವ್ಯಾಟ್–ಗಂಟೆ ನೀಡುವುದರಿಂದ ಎರಡು ದಿನಗಳಲ್ಲಿ ಬ್ಯಾಟರಿ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಫಲಕವು ಲೆಕ್ಕಕ್ಕಿಂತ ದೊಡ್ಡದಿರುವುದು ಲೇಸು.

ಸ್ಥಾಪನೆ

ಸವದತ್ತಿ ಪ್ರದೇಶವು ಉತ್ತರ ಅಕ್ಷಾಂಶ 16 ಡಿಗ್ರಿಯ ಸಮೀಪವಿರುವುದರಿಂದ ಫಲಕವನ್ನು ದಕ್ಷಿಣಾಭಿಮುಖವಾಗಿ ಸುಮಾರು 15ರಿಂದ 20 ಡಿಗ್ರಿ ಓರೆಯಾಗಿ ನಿಲ್ಲಿಸಲಾಗುತ್ತದೆ. ಬೆಳೆದುನಿಂತ ಗೋವಿನಜೋಳದ ನೆರಳು ಬೀಳದಂತೆ ಕಂಬವು ಎತ್ತರವಾಗಿರಬೇಕು. ಸಂವೇದಕವನ್ನು ಮಾತ್ರ ಕಾಡುಹಂದಿಯ ಮೈಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 50ರಿಂದ 60 ಸೆಂಟಿಮೀಟರ್ ಎತ್ತರದಲ್ಲಿ ಅಳವಡಿಸಬೇಕು. ಅದರ ಮುಖವು ಬೆಳೆಯ ಕಡೆಗಿದ್ದರೆ ಗಾಳಿಗೆ ಅಲುಗುವ ಗರಿಗಳೇ ಅದನ್ನು ಪದೇಪದೇ ಎಚ್ಚರಿಸುತ್ತವೆ. ಆದ್ದರಿಂದ ಬದುವಿನ ಉದ್ದಕ್ಕೂ ನೋಡುವಂತೆ ಇರಿಸಲಾಗುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಗಾಳಿ ಮತ್ತು ನೆಲದ ಉಷ್ಣತೆಯು ಪ್ರಾಣಿಯ ಮೈಶಾಖಕ್ಕೆ ಸಮೀಪವಾಗಿರುವಾಗ ಸಂವೇದಕದ ಗ್ರಹಣಶಕ್ತಿ ಕುಗ್ಗುತ್ತದೆ.

ವ್ಯಾಪ್ತಿ ಚಿಕ್ಕದಾದುದರಿಂದ ಒಂದೇ ಸಾಧನ ಇಡೀ ಹೊಲವನ್ನು ಕಾಯಲಾರದು. ಹೆಜ್ಜೆಗುರುತು, ಅಗೆದ ಮಣ್ಣು ಹಾಗೂ ಬೇಲಿಯ ಕಿಂಡಿಗಳನ್ನು ನೋಡಿ ಪ್ರಾಣಿಗಳ ದಾರಿಯನ್ನು ಗುರುತಿಸಿ, ಆ ದಾರಿಗಳ ಮೇಲೆ ಸಾಧನಗಳನ್ನು ಇಡುವುದು ಪರಿಣಾಮಕಾರಿ.

ಪ್ರಾಣಿಗಳ ಒಗ್ಗಿಕೊಳ್ಳುವಿಕೆ

ಎಲ್ಲ ಬೆದರಿಕೆಯ ಸಾಧನಗಳ ಮುಖ್ಯ ದೌರ್ಬಲ್ಯವೆಂದರೆ ಪ್ರಾಣಿಗಳು ಅವುಗಳಿಗೆ ಒಗ್ಗಿಕೊಳ್ಳುವುದು. ಕೀನ್ಯಾದ ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬೆಳೆದ ರಿಚರ್ಡ್ ಟುರೆರೆ ಎಂಬ ಬಾಲಕ ಮನೆಯ ದನಗಳನ್ನು ಸಿಂಹಗಳಿಂದ ಕಾಯಲು ಮೊದಲು ಬೆಂಕಿಯನ್ನೂ ನಂತರ ಬೆದರುಗೊಂಬೆಯನ್ನೂ ಬಳಸಿದನು. ಗೊಂಬೆಯು ಕದಲುವುದಿಲ್ಲವೆಂಬುದನ್ನು ಸಿಂಹಗಳು ಬೇಗನೆ ಅರಿತವು. ಕೈಯಲ್ಲಿ ಟಾರ್ಚ್ ಹಿಡಿದು ನಡೆದಾಡುವಾಗ ಅವು ಹತ್ತಿರ ಬಾರದಿರುವುದನ್ನು ಗಮನಿಸಿದ ಆತ ಸೌರಫಲಕ, ಹಳೆಯ ಬ್ಯಾಟರಿ ಹಾಗೂ ಮೋಟಾರ್‌ಸೈಕಲ್ಲಿನ ಇಂಡಿಕೇಟರ್ ಭಾಗವನ್ನು ಬಳಸಿ ಒಂದಾದ ಮೇಲೊಂದು ಮಿಂಚುವ ದೀಪಗಳನ್ನು ರಚಿಸಿದನು. 2013ರ ಟೆಡ್ ಸಮ್ಮೇಳನದಲ್ಲಿ ಆತ ಇದನ್ನು ವಿವರಿಸಿದನು. ಚಿಲಿ ದೇಶದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅನಿಯಮಿತವಾಗಿ ಮಿಂಚುವ ದೀಪಗಳು ಲಾಮಾ ಮತ್ತು ಅಲ್ಪಾಕಾ ಹಿಂಡುಗಳನ್ನು ಪೂಮಾದಿಂದ ಕಾಪಾಡಿದವು. ಆದರೆ ನರಿಜಾತಿಯ ಪ್ರಾಣಿಗಳನ್ನು ತಡೆಯಲಿಲ್ಲ.

ಇವು ಮಾಂಸಾಹಾರಿಗಳ ಕುರಿತ ಅನುಭವಗಳು. ಕಾಡುಹಂದಿಯ ದೃಷ್ಟಿ ಮಂದ, ಘ್ರಾಣ ಹಾಗೂ ಶ್ರವಣ ಶಕ್ತಿ ತೀಕ್ಷ್ಣ. ಆದ್ದರಿಂದ ಬೆಳಕೊಂದನ್ನೇ ನೆಚ್ಚಲಾಗದು. ಮನುಷ್ಯರಿಗೆ ಕೇಳಿಸದ ಶ್ರವಣಾತೀತ ಶಬ್ದವು ಗಾಳಿಯಲ್ಲಿ ಬೇಗನೆ ಕ್ಷೀಣಿಸುವುದರಿಂದ ತೆರೆದ ಹೊಲಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಸಾಧನವನ್ನು ಬಿತ್ತನೆಯ ದಿನದಿಂದಲೇ ಚಾಲೂ ಮಾಡದೆ ಬೆಳೆಯು ಅಪಾಯದ ಹಂತಕ್ಕೆ ಬಂದಾಗ ಮಾತ್ರ ಬಳಸುವುದು, ಕೆಲವು ದಿನಗಳಿಗೊಮ್ಮೆ ಸ್ಥಳ ಬದಲಿಸುವುದು ಹಾಗೂ ನಡುನಡುವೆ ಮನುಷ್ಯರು ಹೊಲಕ್ಕೆ ಹೋಗಿಬರುವುದು ಅದರ ಪರಿಣಾಮವನ್ನು ದೀರ್ಘಗೊಳಿಸುತ್ತವೆ.

ಸೌರ ಬೇಲಿ

ಸೌರ ಬೇಲಿಯ ಮುಖ್ಯಭಾಗ ಎನರ್ಜೈಸರ್. ಇದು ಬ್ಯಾಟರಿಯ ಶಕ್ತಿಯನ್ನು ಕೆಪಾಸಿಟರಿನಲ್ಲಿ ತುಂಬಿ, ಪರಿವರ್ತಕದ ಮೂಲಕ ಕೆಲವು ಸಾವಿರ ವೋಲ್ಟಿನ ಅತ್ಯಲ್ಪಾವಧಿಯ ಸ್ಪಂದನವಾಗಿ ತಂತಿಗೆ ಬಿಡುತ್ತದೆ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60335-2-76ರ ಪ್ರಕಾರ ಎರಡು ಸ್ಪಂದನಗಳ ನಡುವೆ ಕನಿಷ್ಠ ಒಂದು ಸೆಕೆಂಡ್ ಅಂತರವಿರಬೇಕು. ಸ್ಪಂದನದ ಅವಧಿ 10 ಮಿಲಿಸೆಕೆಂಡ್ ಮೀರಬಾರದು. 500 ಓಂ ರೋಧದಲ್ಲಿ ಅದರ ಶಕ್ತಿ 5 ಜೂಲ್ ಮೀರಬಾರದು. ಈ ಬಿಡುವಿನಲ್ಲಿ ಸ್ನಾಯುಗಳು ಸಡಿಲಗೊಂಡು ಪ್ರಾಣಿಯು ಹಿಂದೆ ಸರಿಯಬಲ್ಲದು. ಮನೆಬಳಕೆಯ 230 ವೋಲ್ಟ್ ವಿದ್ಯುತ್ತಿನ ವೋಲ್ಟೇಜ್ ಇದಕ್ಕಿಂತ ಬಹಳ ಕಡಿಮೆಯಾದರೂ ಅದು ಎಡೆಬಿಡದೆ ಹರಿಯುತ್ತದೆ. ಸ್ನಾಯುಗಳು ಬಿಗಿದು ತಂತಿಯಿಂದ ಬಿಡಿಸಿಕೊಳ್ಳಲಾಗದ ಕಾರಣ ಅದು ಮನುಷ್ಯರನ್ನೂ ಪ್ರಾಣಿಗಳನ್ನೂ ಕೊಲ್ಲುತ್ತದೆ.

ಕಾಡುಹಂದಿಗೆ ನೆಲದಿಂದ ಸುಮಾರು 20 ಮತ್ತು 45 ಸೆಂಟಿಮೀಟರ್ ಎತ್ತರದ ಎರಡು ತಂತಿಗಳು ಮುಖ್ಯ. ಸ್ಪಂದನವು ಪ್ರಾಣಿಯ ಮೈಯಿಂದ ನೆಲಕ್ಕಿಳಿದು, ಭೂಸಂಪರ್ಕದ ಸರಳಿನ ಮೂಲಕ ಎನರ್ಜೈಸರಿಗೆ ಮರಳಿದಾಗ ಮಾತ್ರ ಮಂಡಲ ಪೂರ್ಣವಾಗುತ್ತದೆ. ಎರೆಭೂಮಿಯು ಬೇಸಿಗೆಯಲ್ಲಿ ಒಣಗಿ ಬಿರಿಯುವುದರಿಂದ ಸರಳುಗಳನ್ನು ಆಳಕ್ಕಿಳಿಸಿ ಆಗಾಗ ನೀರುಣಿಸಬೇಕಾಗುತ್ತದೆ. ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿದರೆ ವಿದ್ಯುತ್ ಸೋರಿ ಬೇಲಿ ನಿಷ್ಪ್ರಯೋಜಕವಾಗುತ್ತದೆ.

ಆನೆಗಳು ವಿದ್ಯುತ್ ವಾಹಕವಲ್ಲದ ದಂತದಿಂದ ತಂತಿ ಕಿತ್ತು ಅಥವಾ ಕಂಬ ಉರುಳಿಸಿ ಬೇಲಿ ದಾಟುತ್ತವೆ. ಇದನ್ನು ತಡೆಯಲು ಎತ್ತರದ ತಂತಿಯಿಂದ ತೆಳುವಾದ ಉಕ್ಕಿನ ತಂತಿಗಳನ್ನು ಇಳಿಬಿಡುವ ತೂಗುಬೇಲಿಯನ್ನು ಕರ್ನಾಟಕದ ಹಲವು ಕಾಡಂಚಿನ ಪ್ರದೇಶಗಳಲ್ಲಿ ಅಳವಡಿಸಲಾಗಿದೆ.

ಕಾನೂನು ಮತ್ತು ಸುರಕ್ಷತೆ

ಕೃಷ್ಣಮೃಗ, ನವಿಲು ಮತ್ತು ಆನೆಗಳು 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ; ಕಾಡುಹಂದಿಯೂ ಇದೇ ಕಾಯಿದೆಯ ರಕ್ಷಣೆ ಪಡೆದಿದೆ. ಉರುಳು, ಸಿಡಿಮದ್ದು ಅಥವಾ ವಿದ್ಯುತ್ ಹರಿಸಿದ ತಂತಿಯಿಂದ ಇವುಗಳನ್ನು ಕೊಲ್ಲುವುದು ಅಪರಾಧ. ವಿದ್ಯುತ್ ಮಾರ್ಗದಿಂದ ಅಕ್ರಮವಾಗಿ ಸಂಪರ್ಕ ಪಡೆಯುವುದು 2003ರ ವಿದ್ಯುತ್ ಕಾಯಿದೆಯ 135ನೇ ಕಲಮಿನಂತೆ ವಿದ್ಯುತ್ ಕಳವು ಎನಿಸುತ್ತದೆ. ಭಾರತದಲ್ಲಿ ಆನೆಗಳ ಅಸಹಜ ಸಾವಿಗೆ ವಿದ್ಯುದಾಘಾತವೇ ಪ್ರಮುಖ ಕಾರಣವಾಗಿದ್ದು, ಇಂತಹ ಬೇಲಿಗಳಿಗೆ ರಾತ್ರಿ ನೀರು ಹಾಯಿಸಲು ಹೋದ ರೈತರೂ ಬಲಿಯಾಗಿದ್ದಾರೆ. ಸೌರ ಬೇಲಿಯ ಎನರ್ಜೈಸರ್ ಕೆಟ್ಟಾಗ ಅದೇ ತಂತಿಗೆ ವಿದ್ಯುತ್ ಮಾರ್ಗದಿಂದ ಸಂಪರ್ಕ ನೀಡುವುದು ಅತ್ಯಂತ ಅಪಾಯಕಾರಿ: ಹೊರಗಿನಿಂದ ಬೇಲಿ ಮೊದಲಿನಂತೆಯೇ ಕಾಣುವುದರಿಂದ ನೆರೆಹೊರೆಯವರಿಗೆ ಬದಲಾವಣೆ ತಿಳಿಯುವುದಿಲ್ಲ. ಎನರ್ಜೈಸರನ್ನು ಮನೆಯಲ್ಲಿ ತಯಾರಿಸದೆ ಪ್ರಮಾಣೀಕೃತವಾದುದನ್ನೇ ಕೊಂಡು, ಬೇಲಿಯುದ್ದಕ್ಕೂ ಕನ್ನಡದಲ್ಲಿ ಎಚ್ಚರಿಕೆಯ ಫಲಕಗಳನ್ನು ತೂಗುಹಾಕಬೇಕು.

ಬೆಳೆಹಾನಿಯಾದಾಗ ಕರ್ನಾಟಕ ಅರಣ್ಯ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಹಾನಿಯ ಛಾಯಾಚಿತ್ರ ಹಾಗೂ ಪಹಣಿ ಪತ್ರಿಕೆಯನ್ನು ಇಟ್ಟುಕೊಳ್ಳುವುದು ಇದಕ್ಕೆ ಸಹಾಯಕ.

ಇತಿಮಿತಿಗಳು

ಒಬ್ಬರ ಹೊಲದಿಂದ ಬೆದರಿದ ಹಂದಿಗಳು ಪಕ್ಕದ ಹೊಲಕ್ಕೆ ಹೋಗುತ್ತವೆ. ಆದ್ದರಿಂದ ಒಂದೇ ಹಳ್ಳದ ದಂಡೆಯ ಅಥವಾ ಗುಡ್ಡದಂಚಿನ ರೈತರು ಸೇರಿ ಸಾಧನಗಳನ್ನು ಹಂಚಿ ಇಡುವುದು ಬಿಡಿಬಿಡಿ ಪ್ರಯತ್ನಕ್ಕಿಂತ ಫಲಕಾರಿ. ಧೂಳು ಒರೆಸುವುದು, ಬ್ಯಾಟರಿಯ ವೋಲ್ಟೇಜ್ ಅಳೆಯುವುದು, ತಂತಿಯ ಕೆಳಗಿನ ಹುಲ್ಲು ಸವರುವುದು ವಾರಕ್ಕೊಮ್ಮೆಯಾದರೂ ನಡೆಯಬೇಕು. ಈ ಸಾಧನಗಳು ರಾತ್ರಿಯ ಕಾವಲಿನ ಹೊರೆಯನ್ನು ಇಳಿಸುತ್ತವೆಯೇ ಹೊರತು ಹೊಲದ ಮೇಲಿನ ನಿಗಾವನ್ನು ಅನಗತ್ಯಗೊಳಿಸುವುದಿಲ್ಲ.