ಜುಲೈ ನೀರು, ಫೆಬ್ರವರಿ ಹೂವು

ಮುಖಕ್ಕೆ ಹಚ್ಚುವ ಟೋನರ್ ಬಾಟಲಿಯ ಮೇಲೆ ‘ವಿಚ್ ಹೇಜಲ್’ ಎಂಬ ಹೆಸರನ್ನು ನೀವು ನೋಡಿರಬಹುದು. ಆ ನೀರು ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಪೊದೆಯೊಂದರ ತೊಗಟೆ, ಕಡ್ಡಿಗಳಿಂದ ಭಟ್ಟಿ ಇಳಿಸಿದ್ದು. ನಾವಿರುವ ಬಾಸ್ಟನ್ ಹೊರವಲಯದ ಕಾಡುದಾರಿಗಳಲ್ಲೂ ಅದು ಸಿಗುತ್ತದೆ. ಎಲೆ ಹಣ್ಣಾಗಿ ಉದುರುವ ಅಕ್ಟೋಬರ್-ನವೆಂಬರಿನಲ್ಲಿ ಹೂ ಬಿಡುತ್ತದೆ. ನಾನು ಹೇಳಹೊರಟಿದ್ದು ಅದರ ದಾಯಾದಿಯ ವಿಷಯ. ಫೆಬ್ರವರಿಯಲ್ಲಿ ನೆಲವೆಲ್ಲ ಹಿಮವಾಗಿರುವಾಗ, ಒಂದೂ ಎಲೆಯಿಲ್ಲದ ಕೊಂಬೆಗಳ ಉದ್ದಕ್ಕೂ ಹೂವು ಹೊರುವ ತೋಟದ ತಳಿಯದು.

ಹೂವಿಗೆ ನಾಲ್ಕೇ ಎಸಳು. ಒಂದೊಂದೂ ಶಾವಿಗೆ ಎಳೆಯಷ್ಟು ಸಣ್ಣ, ಕೊಂಚ ಸುಕ್ಕು. ಚಳಿ ಜೋರಾದ ದಿನ ಎಸಳುಗಳು ಸುರುಳಿ ಸುತ್ತಿಕೊಂಡು ಒಳಗೆ ಸೇರುತ್ತವೆ. ಬಿಸಿಲೇರಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿಯೇ ಒಂದು ಹಿಮಪಾತಕ್ಕೆ ಹೂವಿನ ಕಾಲ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಮೊದಲು ಇದನ್ನು ಹೂವೆಂದೇ ಒಪ್ಪಲಿಲ್ಲ. ಹತ್ತಿರ ಹೋಗಿ ಮೂಸಿದ ಮೇಲೆ, “ಪರಿಮಳ ಇದೆಯಲ್ಲೇ, ದೇವರಿಗೆ ಆಗುತ್ತೆ” ಅಂದರು. ಬಿಡಿಸಿದರೆ ಕೈಗೆ ಏನೂ ಸಿಗದ ಹೂವು. ಪುಟ್ಟ ಕಡ್ಡಿಯನ್ನೇ ಮುರಿದು ದೇವರ ಮುಂದಿಟ್ಟರು.

ನಮ್ಮ ಮನೆಯಲ್ಲಿರುವುದು ‘ಅರ್ನಾಲ್ಡ್ ಪ್ರಾಮಿಸ್’. ಅದರ ತವರು ನಮ್ಮೂರೇ. ಬಾಸ್ಟನ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಅರ್ನಾಲ್ಡ್ ಆರ್ಬೊರೇಟಂ ಎಂಬ ದೊಡ್ಡ ಸಸ್ಯವನವಿದೆ, 1872ರದು. 1928ರಲ್ಲಿ ಅಲ್ಲಿನ ವಿಲಿಯಂ ಜಡ್, ವನದಲ್ಲಿದ್ದ ಚೀನಾ ಮೂಲದ ವಿಚ್ ಹೇಜಲ್‌ನ ಬೀಜ ಬಿತ್ತಿದರು. ಸಸಿಗಳು ದೊಡ್ಡವಾಗಿ ಹೂ ಬಿಟ್ಟಾಗ ತಾಯಿಯನ್ನಷ್ಟೇ ಹೋಲಲಿಲ್ಲ. ಜಪಾನಿನ ತಳಿಯ ಲಕ್ಷಣವೂ ಅವುಗಳಲ್ಲಿ ಕಂಡಿತು. ಆಲ್ಫ್ರೆಡ್ ರೇಡರ್ 1945ರಲ್ಲಿ ಈ ಮಿಶ್ರತಳಿಗೆ ‘ಇಂಟರ್ಮೀಡಿಯಾ’ ಎಂದು ಶಾಸ್ತ್ರೀಯ ಹೆಸರಿಟ್ಟರು. ಆ ಸಸಿಗಳಲ್ಲೊಂದು 1963ರಲ್ಲಿ ‘ಅರ್ನಾಲ್ಡ್ ಪ್ರಾಮಿಸ್’ ಆಯಿತು. ಆರ್ಬೊರೇಟಂಗೆ ಟಿಕೆಟ್ ಇಲ್ಲ. ಗಿಡ ಕೊಳ್ಳುವ ಮೊದಲು ಫೆಬ್ರವರಿ ಕೊನೆಯಲ್ಲಿ ಒಮ್ಮೆ ಅಲ್ಲಿ ಸುತ್ತಿ ಬನ್ನಿ ಎಂದು ಇಲ್ಲಿನ ಕನ್ನಡಿಗರಿಗೆಲ್ಲ ಹೇಳುತ್ತೇನೆ.

ಹೂವಿರುವಾಗಲೇ ಕೊಳ್ಳುವುದು ಜಾಣತನ. ಕೆಲವು ಗಿಡಗಳು ಒಣಗಿದ ಎಲೆಯನ್ನು ಚಳಿಗಾಲವಿಡೀ ಬಿಡದೆ ಹಿಡಿದು ಹೂವನ್ನೇ ಮರೆಮಾಡುತ್ತವೆ. ಕೆಲವಕ್ಕೆ ಪರಿಮಳ ಇಲ್ಲವೆಂಬಷ್ಟು ಕಡಿಮೆ. ಬೆಲ್ಜಿಯಂನ ಕಾಲ್ಮ್‌ಥೌಟ್‌ನಿಂದ ಬಂದ ‘ಯೆಲೆನಾ’ ತಾಮ್ರದ ಬಣ್ಣ, ‘ಡಯಾನ್’ ಕೆಂಪು. ಫೋಟೋದಲ್ಲಿ ಕೆಂಪಿಗೆ ಎಲ್ಲರೂ ಮರುಳಾಗುತ್ತಾರೆ. ನನ್ನನ್ನು ಕೇಳಿದರೆ ‘ಅರ್ನಾಲ್ಡ್ ಪ್ರಾಮಿಸ್’ನ ಹಳದಿಯೇ ಸರಿ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಕೆಂಪು ಹೂವು ಹಿಂದಿನ ಕಂದು ಕೊಂಬೆಗಳಲ್ಲಿ ಕಳೆದುಹೋಗುತ್ತದೆ. ಕೆಂಪೇ ಬೇಕೆಂದರೆ ಸಂಜೆಯ ಇಳಿಬಿಸಿಲು ಹೂವಿನ ಹಿಂದಿನಿಂದ ಬರುವ ಕಡೆ ನೆಡಿ.

ಹನ್ನೆರಡು-ಹದಿನೈದು ಅಡಿ ಅಗಲದ ಜಾಗ ಮೊದಲೇ ಬಿಡಬೇಕು. ನಿಧಾನಕ್ಕೆ ಬೆಳೆಯುವ ಗಿಡ, ಆದರೆ ಕೊಂಬೆಗಳನ್ನು ಪಕ್ಕಕ್ಕೆ ಚಾಚುತ್ತದೆ. ನೀರು ನಿಲ್ಲದ, ಹಾಗೆಂದು ಪೂರ್ತಿ ಒಣಗದ, ಕೊಂಚ ಹುಳಿಗುಣದ ಮಣ್ಣು ಅದಕ್ಕೆ ಇಷ್ಟ. ಗುಂಡಿ ಅಗಲವಿರಲಿ, ಆಳ ಬೇಡ. ಬುಡ ಮಣ್ಣಿನಲ್ಲಿ ಹೂತುಹೋಗಬಾರದು. ಕೊಳೆತ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಇಲ್ಲಿನ ಚಳಿಯ ಬಗ್ಗೆ ಚಿಂತೆ ಬೇಡ: ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ತಡೆದುಕೊಳ್ಳುತ್ತದೆ.

ತಡೆದುಕೊಳ್ಳದೇ ಇರುವುದು ಬೇಸಿಗೆಯ ಬರವನ್ನು. “ಗಿಡ ಚೆನ್ನಾಗೇ ಇದೆ ಅಕ್ಕ, ಹೂವೇ ಇಲ್ಲ” ಎಂದು ಚಳಿಗಾಲದಲ್ಲಿ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವುದು ಗೊಬ್ಬರದ ಬಗ್ಗೆ ಅಲ್ಲ. ಜುಲೈನಲ್ಲಿ ಎಲ್ಲಿದ್ದಿರಿ ಎಂದು. ಹೆಚ್ಚಿನವರು ಮಕ್ಕಳ ರಜೆಗೆ ಊರಿಗೆ ಹೋಗಿರುತ್ತಾರೆ! ಮುಂದಿನ ಫೆಬ್ರವರಿಯ ಮೊಗ್ಗು ಕಟ್ಟುವುದು ಆ ಬೇಸಿಗೆಯಲ್ಲೇ. ಆಗ ಬೇರು ಒಣಗಿದರೆ ಎಲೆಯಂಚು ಸುಡುತ್ತದೆ, ಮೊಗ್ಗು ಕಡಿಮೆಯಾಗುತ್ತದೆ. ಮೊದಲ ಎರಡು-ಮೂರು ಬೇಸಿಗೆಯಲ್ಲಿ, ಮಳೆ ಬಾರದ ವಾರ, ಬುಡ ಆಳಕ್ಕೆ ನೆನೆಯುವಂತೆ ನೀರು ಕೊಡಲೇಬೇಕು. ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಹೊರಗಿನ ನಲ್ಲಿಗೆ ಟೈಮರ್ ಹಾಕಿದರೂ ಆದೀತು.

ಇನ್ನೊಂದು ವಿಷಯ, ಕಸಿ ಮಾವು ಬೆಳೆಸಿದವರಿಗೆ ತಟ್ಟನೆ ಅರ್ಥವಾದೀತು. ನರ್ಸರಿಯಲ್ಲಿ ಸಿಗುವ ವಿಚ್ ಹೇಜಲ್ ಸಾಮಾನ್ಯವಾಗಿ ಕಸಿ ಗಿಡ. ಕೆಳಗಿನ ಬೇರು ಟೋನರ್ ಕೊಡುವ ಕಾಡುಜಾತಿಯದು. ಕಸಿಗಂಟಿನ ಕೆಳಗಿನಿಂದ ಕಾಡುಚಿಗುರು ಹೊರಟರೆ ನಾಜೂಕಿನ ಮೇಲ್ಗಿಡವನ್ನು ನಿಧಾನಕ್ಕೆ ಹಿಂದಿಕ್ಕಿಬಿಡುತ್ತದೆ. ಎಳೆಯದಿರುವಾಗಲೇ ಬುಡಸಮೇತ ಕಿತ್ತುಹಾಕಿ. ಗುರುತು ಸಿಗಲಿಲ್ಲವೇ? ಅಕ್ಟೋಬರ್ ತನಕ ಕಾಯಿರಿ. ಬುಡದ ಕೊಂಬೆಯಲ್ಲಿ ಆಗಲೇ ಹೂವು ಬಂದರೆ ಅದು ಕಾಡಿನದೇ.

ಕತ್ತರಿ ಹೆಚ್ಚು ಬೇಕಾಗುವುದಿಲ್ಲ. ಅಡ್ಡಾದಿಡ್ಡಿ ಕೊಂಬೆ ತೆಗೆಯಲೇಬೇಕಿದ್ದರೆ ಹೂ ಮುಗಿಯುತ್ತಲೇ, ಹೊಸ ಎಲೆ ಬರುವ ಮುನ್ನ ತೆಗೆಯಿರಿ. ನಾನಂತೂ ಒಂದೆರಡನ್ನು ಹೂವಿರುವಾಗಲೇ ಕತ್ತರಿಸಿ ನೀರಿನ ಲೋಟದಲ್ಲಿಡುತ್ತೇನೆ, ಮನೆಯೊಳಗಿನ ಬಿಸುಪಿಗೆ ಪರಿಮಳ ಏಳುತ್ತದೆ. ಬೆಂಗಳೂರಿಗೆ ಒಂದು ಸಸಿ ತಂದುಕೊಡು ಎಂದು ತಂಗಿ ಆಗಾಗ ಕೇಳುತ್ತಾಳೆ. ವಾರಗಟ್ಟಲೆ ಗಟ್ಟಿ ಚಳಿ ಸಿಗದೆ ಇದು ಹೂ ಬಿಡದು. ಫೆಬ್ರವರಿಯಲ್ಲಿ ನೀನೇ ಬಾ, ಸ್ವೆಟರ್ ನಾನು ಕೊಡುತ್ತೇನೆ ಎಂದಿದ್ದೇನೆ.