ರಾಗಿ ಹೊಲಕ್ಕೆ ಗಂಧಕವೂ ಬೇಕು

ಕರಿಘಟ್ಟದ ಬುಡದ ನಾಲೆ ಬಯಲಿನಲ್ಲಿ ಬತ್ತ, ಕಬ್ಬು; ನೀರು ಹತ್ತದ ನಾಗಮಂಗಲದ ಕಡೆಯ ಕೆಂಪು ಮರಳು ಭೂಮಿಯಲ್ಲಿ ರಾಗಿ, ಹುರುಳಿ. ಖುಷ್ಕಿ ಬೆಳೆಗಾರರಲ್ಲಿ ಅನೇಕರಿಗೆ ಗೊಬ್ಬರವೆಂದರೆ ಡಿ.ಎ.ಪಿ. ಮತ್ತು ಯೂರಿಯಾ. ಇವೆರಡರಲ್ಲೂ ಗಂಧಕವಿಲ್ಲ ಎಂಬುದನ್ನು ರೈತ ಬಾಂಧವರು ಗಮನಿಸಬೇಕು.

ಬೇರು ಹೀರಿದ ಗಂಧಕವು ಗಿಡದಲ್ಲಿ ಮೊದಲು ಸಿಸ್ಟೀನ್, ಅನಂತರ ಮೆಥಿಯೋನಿನ್ ಎಂಬ ಅಮೈನೋ ಆಮ್ಲವಾಗುತ್ತದೆ. ಇವು ಸಸಾರಜನಕದ ಇಟ್ಟಿಗೆಗಳು. (ಬೇಳೆಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಹುರುಳಿ ಸಾರು ಒಳ್ಳೆಯ ಜೋಡಿಯೇ!) ಆದರೆ ಮೆಥಿಯೋನಿನ್‌ನ ಒಂದು ಪಾಲು ಎಸ್-ಅಡಿನೊಸಿಲ್ ಮೆಥಿಯೋನಿನ್ ಎಂಬ ಸಹಕಾರಕ ವಸ್ತುವಾಗಿ ಮಾರ್ಪಡುತ್ತದೆ. ಮೀಥೈಲ್ ಎಂಬ ಪುಟ್ಟ ಗುಂಪನ್ನು ಒದಗಿಸುವುದು ಇದರ ಕೆಲಸ. ಅದನ್ನು ಬೇರೆ ಅಣುಗಳಿಗೆ ಅಂಟಿಸುವುದು ಕಿಣ್ವಗಳ ಕೆಲಸ.

ಜೀವಕೋಶದಲ್ಲಿ ವಂಶವಾಹಿ ಎಳೆಯು ಹಿಸ್ಟೋನ್ ಎಂಬ ಸಸಾರಜನಕದ ಸುತ್ತ ನೂಲಿನಂತೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಯಾವ ಜಾಗಕ್ಕೆ ಮೀಥೈಲ್ ಮುದ್ರೆ ಬಿದ್ದಿದೆ ಎಂಬುದನ್ನನುಸರಿಸಿ ಕೆಲವು ವಂಶವಾಹಿಗಳು ಕೆಲಸ ಮಾಡುತ್ತವೆ, ಕೆಲವು ಸುಮ್ಮನಿರುತ್ತವೆ. ಸಹಕಾರಕದ ದಾಸ್ತಾನು ಕುಗ್ಗಿದರೆ ಮುದ್ರೆಗೆ ಶಾಯಿ ಸಾಲದು. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪ್ರಯೋಗಶಾಲೆಯ ಗಿಡದಲ್ಲಿ ಈ ವಸ್ತುವನ್ನು ತಯಾರಿಸುವ ಒಂದು ಕಿಣ್ವ ಕೆಟ್ಟಾಗ ಹಿಸ್ಟೋನಿನ ಮುದ್ರೆಗಳು ಕಡಿಮೆಯಾದುದು ಕಂಡುಬಂದಿದೆ. ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ತಯಾರಾಗಲೂ ಇದೇ ವಸ್ತು ಬೇಕು.

2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ರಾಜ್ಯದ ಮಳೆಯಾಶ್ರಿತ ಜಮೀನುಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದು ತಿಳಿದುಬಂದಿತು. ಹೊಲದಲ್ಲಿ ಇದನ್ನು ಗುರುತಿಸುವುದು ಹೇಗೆ? ಸಾರಜನಕ ಸಾಲದಿದ್ದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಗಂಧಕ ಸಾಲದಿದ್ದರೆ ಸುಳಿಯ ಎಳೆ ಎಲೆ. ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಎಳೆ ಎಲೆ ಹಳದಿಯಾದಾಗ ಮತ್ತೆ ಮತ್ತೆ ಯೂರಿಯಾ ಎರಚುವುದು ಹಣ ಚೆಲ್ಲಿದಂತೆಯೇ.

50 ಕೆ.ಜಿ. ಸೂಪರ್ ಫಾಸ್ಫೇಟ್ ಚೀಲದಲ್ಲಿ ಸುಮಾರು 5.5 ಕೆ.ಜಿ. ಗಂಧಕವಿದೆ. ಡಿ.ಎ.ಪಿ.ಯ ಒಂದು ಚೀಲದಷ್ಟು ರಂಜಕಕ್ಕೆ ಸೂಪರಿನ ಸುಮಾರು ಮೂರು ಚೀಲ ಬೇಕು, ಗಾಡಿ ಬಾಡಿಗೆ ಹೆಚ್ಚು ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಆ ಮೂರು ಚೀಲಗಳೊಡನೆ 16 ಕೆ.ಜಿ.ಯಷ್ಟು ಗಂಧಕವೂ ಹೊಲ ಸೇರುತ್ತದೆ. ಸಾರಜನಕವನ್ನು ಮಾತ್ರ ಬೇರೆಯಾಗಿ ಕೊಡಬೇಕು. ಡಿ.ಎ.ಪಿ. ಬಿಡಲಾಗದವರು ಜಿಪ್ಸಂ ಹಾಕಬಹುದು. ಪ್ರಮಾಣವನ್ನು ಮಣ್ಣು ಪರೀಕ್ಷೆಯಿಂದಲೇ ನಿರ್ಧರಿಸಿರಿ. ಮಾದರಿ ಕೊಡುವಾಗ ಗಂಧಕವನ್ನೂ ಪರೀಕ್ಷಿಸುವಂತೆ ಕೇಳಿರಿ.